ತಳ ಕಾಣದ ಮಾತ್ರೆ ಡಬ್ಬಿ

ನನ್ನ ಮಗಳ ಕೈ ನಡುಗುತ್ತಿರುವ ಸಂಗತಿಯನ್ನು ಮೊದಲು ಬಯಲು ಮಾಡಿದ್ದು ಪೀಣ್ಯದ ಕಾರ್ಖಾನೆಯೊಂದರ ಮೈಕ್ರೋಮೀಟರ್. ಯಂತ್ರದ ಬಿಡಿಭಾಗಗಳ ದಪ್ಪವನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆಯುವ ಈ ಉಪಕರಣವನ್ನು ಹಿಡಿದು, ಸಿದ್ಧವಾದ ಸರಕಿನಲ್ಲಿ ಸರಿಯಾದದ್ದನ್ನೂ ತಿರಸ್ಕರಿಸಬೇಕಾದದ್ದನ್ನೂ ಬೇರ್ಪಡಿಸುವುದು ಅವಳ ಉದ್ಯೋಗ. ಆಷಾಢದ ಒಂದು ಬೆಳಗ್ಗೆ ಒಂದೇ ತುಂಡನ್ನು ಮೂರು ಸಲ ಅಳೆದಾಗ ಮೂರು ಬೇರೆ ಅಳತೆಗಳು ಬಂದವು. ಅವಳು ಉಪಕರಣವನ್ನು ದೂರಿದಳು, ಪರೀಕ್ಷೆಗೆ ಕಳುಹಿಸಿದಳು. ಅದು ಯಾವ ದೋಷವೂ ಇಲ್ಲದೆ ಹಿಂದಿರುಗಿತು.

“ಮೇಡಂ, ಮೈಕ್ರೋಮೀಟರ್ ಪಕ್ಕಾ ಇದೆ. ನೀವ್ ಸ್ವಲ್ಪ ಕಾಫಿ ಕಮ್ಮಿ ಮಾಡಿ” ಎಂದರು ಅವಳ ಮೇಲ್ವಿಚಾರಕರು.

“ಕಾಫಿ ಬಿಟ್ಟು ತಿಂಗಳಾಯ್ತು ಸಾರ್. ವಾಸನೆಗೇ ವಾಂತಿ ಬರುತ್ತೆ.”

ಅವಳು ಆಗ ಬಸುರಿ, ಇನ್ನೂ ಮೂರು ತುಂಬಿರಲಿಲ್ಲ. ವಾಂತಿ, ಬೆವರು, ಎದೆಬಡಿತ, ಇಳಿಯುತ್ತಿದ್ದ ತೂಕ ಎಲ್ಲವನ್ನೂ ನಾವು ಬಸಿರಿನ ಲೆಕ್ಕಕ್ಕೇ ಬರೆದುಬಿಟ್ಟಿದ್ದೆವು. ಟಿ. ದಾಸರಹಳ್ಳಿಯ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದರೆ ಎದೆ ಬಾಯಿಗೆ ಬರುತ್ತದೆ ಎಂದು ಅವಳು ಫೋನಿನಲ್ಲಿ ಹೇಳಿದಾಗ, ಮೂರನೆಯ ಮಹಡಿಯ ಮನೆ ಹಿಡಿದವರಿಗೆ ಇನ್ನೇನಾಗುತ್ತದೆ ಎಂದು ನಾನು ನಕ್ಕಿದ್ದೆ.

ಇಲ್ಲಿ ಒಂದು ವಿವರಣೆ ಅಗತ್ಯ. ನಿವೃತ್ತಿಯವರೆಗೆ ನನ್ನ ಕೆಲಸ ಶಾಸನಗಳ ಕಾಲನಿರ್ಣಯ. ಕಲ್ಲಿನ ಮೇಲೆ ಕೊರೆದ ಸಂವತ್ಸರ, ಮಾಸ, ತಿಥಿ, ವಾರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು. ಹೊಂದದಿದ್ದರೆ ತಪ್ಪು ಕೊರೆದವನದೋ ಓದಿದವರದೋ ಎಂದು ವಿಚಾರಿಸುವುದು. ಈ ಅಭ್ಯಾಸ ಮನೆಯ ಮಾತುಕತೆಗೂ ಅಂಟಿಕೊಂಡಿದೆ. ಈ ನೆನಪುಗಳನ್ನು ಬರೆಯಲು ಕೂರುವ ಮೊದಲು ಮಗಳು, ಅಳಿಯ, ನನ್ನ ಅಕ್ಕ ಈ ಮೂವರನ್ನೂ ಬೇರೆಬೇರೆಯಾಗಿ ವಿಚಾರಿಸಿದೆ. ಕ್ಯಾಲೆಂಡರಿನ ತಾರೀಖುಗಳ ವಿಷಯದಲ್ಲಿ ಮೂವರೂ ಮೂರು ದಾರಿ ಹಿಡಿದರು. ಹಬ್ಬಗಳ ವಿಷಯದಲ್ಲಿ ಮಾತ್ರ ಒಮ್ಮತವಿತ್ತು. ಆದಕಾರಣ ಇಲ್ಲಿ ಕಾಲವನ್ನು ಹಬ್ಬಗಳಿಂದಲೇ ಗುರುತಿಸಿದ್ದೇನೆ. ಮೈಕ್ರೋಮೀಟರಿನ ಪ್ರಸಂಗ ಆಷಾಢದ್ದೆಂಬುದಕ್ಕೆ ಆಧಾರವೂ ಇದೆ: ಅದೇ ವಾರ ಅಳಿಯ ಸ್ಕೂಟರ್ ಕೊಳ್ಳಲು ಹೊರಟಾಗ, ಆಷಾಢ ಕಳೆಯಲಿ ಎಂದು ಅವರ ತಾಯಿ ತಡೆದಿದ್ದರು.

ಕೈನಡುಕದ ವಿಷಯ ಕೇಳಿದ ಹೆರಿಗೆ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ತಜ್ಞೆಯೊಬ್ಬರ ಬಳಿ ಕಳುಹಿಸಿದರು. ನಾನೂ ಜೊತೆಗೆ ಹೋದೆ. ಆ ವೈದ್ಯೆ ಮಗಳ ಕೈಗಳನ್ನು ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಫ್ಯಾನ್ ಆರಿಸಿದ್ದರೂ ಹಾಳೆ ಅರಳಿಮರದ ಎಲೆಯಂತೆ ಅದುರಿತು.

“ಕುತ್ತಿಗೇಲಿ ಚಿಟ್ಟೆ ಆಕಾರದ ಒಂದು ಗ್ರಂಥಿ ಇದೆ ಅಮ್ಮ. ಮೈಯೊಳಗಿನ ಒಲೆ ಉರಿ ನೋಡ್ಕೊಳ್ಳೋದು ಅದರ ಕೆಲಸ. ನಿಮ್ಮ ಮಗಳದು ಉರಿ ಜಾಸ್ತಿ ಮಾಡಿ ಕೂತಿದೆ. ಅದಕ್ಕೇ ತಿಂದಿದ್ದೆಲ್ಲ ಉರಿದು ಹೋಗ್ತಿದೆ” ಎಂದು ಅವರು ನನಗೆ ಹೇಳಿದರು. ಮಗಳ ಕಡೆ ತಿರುಗಿ, “ಕೊನೇ ಸಲ ಮುಟ್ಟಾಗಿದ್ದು ಯಾವತ್ತು?” ಎಂದು ಕೇಳಿದರು. ಮಗಳು ತಾರೀಖು ಹೇಳಿದಳು. “ಆಧಾರ?” ಎಂದು ನನ್ನ ಬಾಯಿಂದ ತಾನಾಗಿ ಬಂತು.

“ಅಮ್ಮ, ನಾನು ಶಾಸನ ಅಲ್ಲ!”

ವೈದ್ಯೆ ನಗು ತಡೆದುಕೊಂಡು ನನ್ನ ಪರ ವಹಿಸಿದರು. ವಾರಗಳ ಲೆಕ್ಕ ಇಲ್ಲಿ ನಿಜಕ್ಕೂ ಮುಖ್ಯವಂತೆ. ಬಸಿರಿನ ಆರಂಭದಲ್ಲಿ ಕೆಲವರಿಗೆ ಈ ಉರಿ ತಾನಾಗಿ ಏರಿ, ತಾನಾಗಿ ಇಳಿಯುತ್ತದೆ. ಅವರಿಗೆ ಔಷಧ ಬೇಡ. ನನ್ನ ಮಗಳದು ಆ ಬಗೆಯದಲ್ಲವೆಂದು ಇನ್ನೊಂದು ಪರೀಕ್ಷೆ ತೋರಿಸಿತು. ಅವಳ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಕೆಣಕುತ್ತಿತ್ತು. ಹಾಗೆಯೇ ಬಿಟ್ಟರೆ ತಾಯಿಯ ಹೃದಯಕ್ಕೆ ಆಯಾಸ, ಮಗು ತೂಕ ಕಡಿಮೆಯಾಗಿ ಅವಧಿಗೆ ಮುನ್ನವೇ ಹುಟ್ಟುವ ಭಯ. ಔಷಧ ಮಿತಿಮೀರಿದರೆ ಹೊಟ್ಟೆಯೊಳಗಿನ ಮಗುವಿನ ಗ್ರಂಥಿಯೇ ಮಂಕಾಗುವ ಭಯ. ಮೊದಲ ಮೂರು ತಿಂಗಳಿಗೆ ಒಂದು ಮಾತ್ರೆ, ಅನಂತರ ಮತ್ತೊಂದು, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ಮಾತ್ರೆ ಬದಲಾಯಿತು. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಕುಂದಲಹಳ್ಳಿಗೆ ಬಂದವಳನ್ನು ನಾವು ಹೆರಿಗೆಯವರೆಗೂ ಹಿಂದಕ್ಕೆ ಕಳುಹಿಸಲಿಲ್ಲ.

ಕುಂದಲಹಳ್ಳಿಯ ನಮ್ಮ ಮನೆ ಒಂದು ಕಾಲಕ್ಕೆ ನಮ್ಮ ತಂದೆಯ ರಾಗಿ ಹೊಲದ ಅಂಚಿನಲ್ಲಿತ್ತು. ಈಗ ಹೊಲವಿದ್ದಲ್ಲಿ ಬಾಡಿಗೆಯ ಮನೆಗಳಿವೆ. ನೆಲಮಹಡಿಯಲ್ಲಿ ಅಕ್ಕ ಮತ್ತು ಭಾವ. ಪತಿ ತೀರಿಕೊಂಡ ಮೇಲೆ ಅವರ ತಲೆಯ ಮೇಲಿನ ಮಹಡಿಯಲ್ಲಿ ನಾನು. ಅಕ್ಕ ನನಗಿಂತ ದೊಡ್ಡವಳು, ನಮ್ಮ ತಾಯಿಯ ಎಲ್ಲ ನೇಮಗಳ ವಾರಸುದಾರಳು. ಅವಳಿಗೂ ಥೈರಾಯ್ಡ್ ತೊಂದರೆ ಇದೆ, ಆದರೆ ಅದು ವಿರುದ್ಧ ಬಗೆಯದು: ಅವಳ ಒಲೆಯ ಉರಿ ಮಂದ. ನಮ್ಮ ಬೀದಿಯಲ್ಲಿ ಈ ಮಂದ ಉರಿಯ ಹೆಂಗಸರು ಎಷ್ಟು ಮಂದಿಯೆಂದರೆ, ಬೆಳಗಿನ ಹೊತ್ತು ಮಾತ್ರೆ ನುಂಗಿ ಕಾಫಿಗಾಗಿ ಕಾಯುತ್ತ ಬಾಗಿಲಲ್ಲಿ ನಿಂತವರ ಒಂದು ಸಭೆಯೇ ಸೇರುತ್ತದೆ. ಯಾರದಾದರೂ ಸೀಸೆ ಮುಗಿದರೆ, ಹೆಪ್ಪಿಗೆ ಮೊಸರು ಕೇಳುವಂತೆ ಗೋಡೆಯಾಚೆಯಿಂದ ನಾಲ್ಕು ಮಾತ್ರೆ ಕೇಳಿ ಪಡೆಯುವುದೂ ಇತ್ತು.

ಮಗಳ ವಿಷಯ ತಿಳಿದಾಗ ಅಕ್ಕ ನಿಟ್ಟುಸಿರು ಬಿಟ್ಟದ್ದು ನೆಮ್ಮದಿಯಿಂದ.

“ಅಷ್ಟೇನಾ? ನಾನೇನೋ ಎಂಥದೋ ಅಂದ್ಕಂಡಿದ್ದೆ! ನನಗೂ ಐತೆ, ಎದುರುಮನೆಯೋಳ್ಗೂ ಐತೆ. ಎದ್ದು ಒಂದು ಮಾತ್ರೆ ನುಂಗದು, ಅರ್ಧ ಗಂಟೆ ಕಾಫಿ ಕಡೆ ನೋಡ್ದಂಗೆ ಇರದು. ಮುಗೀತು.”

“ಅಕ್ಕಾ, ನಿಂದು ಬೇರೆ, ಇವಳದು ಬೇರೆ. ಇವಳದು ಉಲ್ಟಾ.”

“ಉಲ್ಟಾನೋ ಸೀದಾನೋ, ಓದ್ದೋರಿಗೆ ಎಲ್ಲಾನೂ ಎರಡೆರಡು ಕಾಣ್ತದೆ” ಎಂದು ಅವಳು ಮುದ್ದೆ ತಿರುವಲು ಹೋದಳು.

ಆ ದಿನಗಳ ಮುಖ್ಯ ವ್ಯವಹಾರ ಊಟ. ಬೆಳಗಿನ ತಿಂಡಿಯಾದ ಸ್ವಲ್ಪ ಹೊತ್ತಿಗೇ ಮಗಳು ಕೆಳಗಿಳಿದು ಅಕ್ಕನ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು. ಮಧ್ಯಾಹ್ನ ಎರಡು ಮುದ್ದೆ, ಬಸ್ಸಾರು, ಪಲ್ಯ, ಮೇಲೆ ಅನ್ನ ಮಜ್ಜಿಗೆ. ಸಂಜೆ ಮತ್ತೆ ಹಸಿವು. ನೀರಿನ ಟ್ಯಾಂಕರಿನವರ ಜೊತೆ ಜಗಳ ಮುಗಿಸಿ ಊಟಕ್ಕೆ ಬಂದ ಭಾವ ಅವಳ ತಟ್ಟೆಯನ್ನೂ ಅವಳ ಸಣಕಲು ತೋಳನ್ನೂ ನೋಡಿ ಬೆರಗಾಗುತ್ತಿದ್ದರು.

“ನಿನ್ ತಟ್ಟೇಲಿರದು ನೋಡಿದ್ರೆ ಪೈಲ್ವಾನ್ ಆಗ್ಬೇಕಿತ್ತಲ್ಲವ್ವ. ಎಲ್ಲಿಗೋಯ್ತೈತೆ ಅದು?”

“ಒಲೆಗೆ ದೊಡ್ಡಪ್ಪ. ಡಾಕ್ಟ್ರು ಹೇಳಿದಾರೆ.”

ಅವಳಿಗೆ ಸದಾ ಸೆಕೆ. ಭಾದ್ರಪದದ ತಣ್ಣನೆಯ ಸಂಜೆಯಲ್ಲೂ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿತ್ತು. ಅವಳು ಅದರ ಕೆಳಗೆ ನಿರಾಳವಾಗಿ, ನಾವೆಲ್ಲ ಶಾಲು ಹೊದ್ದು. ಸಿಟ್ಟೂ ಹಾಗೆಯೇ, ಹೊತ್ತಿಕೊಂಡರೆ ಹೊತ್ತಿಕೊಂಡಂತೆ. ಅಳಿಯ ಪೀಣ್ಯದಲ್ಲಿಯೇ ಮತ್ತೊಂದು ಕಾರ್ಖಾನೆಯ ಯಂತ್ರಗಳ ದುರಸ್ತಿ ನೋಡಿಕೊಳ್ಳುವವರು, ಬಹು ಸಮಾಧಾನದ ಮನುಷ್ಯ. ಭಾನುವಾರಗಳಲ್ಲಿ ಮೆಟ್ರೋದಲ್ಲಿ ನಗರದ ಆ ತುದಿಯಿಂದ ಈ ತುದಿಗೆ ಬಂದು, ಚಪ್ಪಲಿ ಬಿಡುವ ಮೊದಲು ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು: “ಅತ್ತೆ, ಇವತ್ತು ಒಳಗೆ ಹವಾಮಾನ ಹೇಗಿದೆ?”

ಒಳಗಿನಿಂದ ಉತ್ತರ ಬರುತ್ತಿತ್ತು: “ಕೇಳಿಸ್ತು ಕಣ್ರೀ! ಗುಡುಗು ಸಹಿತ ಮಳೆ ಅಂತ ಬರ್ಕೊಳ್ಳಿ!”

ಈಗ ಡಬ್ಬಿಯ ವಿಷಯ. ಔಷಧಿ ಅಂಗಡಿಯವರು ಮಾತ್ರೆಗಳನ್ನು ಎಣಿಸಿ ಕಾಗದದ ಕವರಿಗೆ ಹಾಕಿ ಕೊಟ್ಟಿದ್ದರು. ಕವರು ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದು, ತೊಳೆದು, ಒರೆಸಿ, ಮಾತ್ರೆಗಳನ್ನು ಅದಕ್ಕೆ ಸುರಿದು, ಮಹಡಿಯ ನಮ್ಮ ಮನೆಯ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಕುಂಕುಮದ ಭರಣಿಯ ಜೊತೆಗೇ ಇಟ್ಟಳು. ದಿನವೂ ಹೊತ್ತಿಗೆ ಸರಿಯಾಗಿ ತಾನೇ ಮೇಲೆ ಬಂದು ಮಗಳ ಅಂಗೈಗೆ ಮಾತ್ರೆ ಹಾಕಿ, ನುಂಗುವವರೆಗೂ ನಿಂತು ನೋಡುತ್ತಿದ್ದಳು. ಈ ಜವಾಬ್ದಾರಿಯನ್ನು ಯಾರೂ ಅವಳಿಗೆ ವಹಿಸಿರಲಿಲ್ಲ. ಕಿತ್ತುಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಔಷಧ ನಾಟಿತು. ಮಹಾಲಯ ಅಮಾವಾಸ್ಯೆಯ ಹೊತ್ತಿನ ರಕ್ತಪರೀಕ್ಷೆ ಕಂಡು ವೈದ್ಯೆ ಸಂತೋಷಪಟ್ಟರು. ತೂಕ ಸ್ವಲ್ಪ ಏರಿತ್ತು. ಆಯುಧಪೂಜೆಯ ದಿನ ಅಳಿಯ ಅವಳನ್ನು ಪೀಣ್ಯಕ್ಕೆ ಕರೆದೊಯ್ದರು. ಅವಳ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳಿಗೆಲ್ಲ ಬಾಳೆಕಂದು, ಬೂದುಗುಂಬಳ. ಮೈಕ್ರೋಮೀಟರಿಗೂ ಒಂದು ಚೆಂಡುಹೂವು. ಹೂವು ತೆಗೆದಿಟ್ಟು ಅವಳು ಒಂದು ತುಂಡನ್ನು ಮೂರು ಸಲ ಅಳೆದಳಂತೆ. ಮೂರು ಸಲವೂ ಒಂದೇ ಅಳತೆ. ಸಂಜೆ ಪ್ರಸಾದದ ಕಡಲೆಪುರಿಯ ಪೊಟ್ಟಣದೊಂದಿಗೆ ಆ ಸುದ್ದಿಯನ್ನೂ ಹೊತ್ತು ತಂದಳು. ಆ ವರ್ಷ ನಮ್ಮ ಮನೆಯಲ್ಲಿ ವಿಜಯದಶಮಿ ಒಂದು ದಿನ ಮುಂಚಿತವಾಗಿಯೇ ಬಂದಿತ್ತು.

ದೀಪಾವಳಿಯ ಹೊತ್ತಿಗೆ ಎಲ್ಲವೂ ತಿರುಗಿತು. ನರಕ ಚತುರ್ದಶಿಯ ಬೆಳಗ್ಗೆ ಮಗಳ ನೆತ್ತಿಗೆ ಎಣ್ಣೆ ಒತ್ತುತ್ತಿದ್ದ ಅಕ್ಕ ಥಟ್ಟನೆ ಕೈ ನಿಲ್ಲಿಸಿದಳು.

“ಕುತ್ಗೆ ನರ ಯಾಕಿಂಗೆ ಒಡ್ಕತೈತೆ ಮಗಾ? ಓಡ್ ಬಂದೋಳಂಗೆ?”

“ನಾಲ್ಕು ದಿನದಿಂದ ಹೀಗೇ ದೊಡ್ಡಮ್ಮ. ಹಬ್ಬದ ಓಡಾಟ ಅಂದ್ಕೊಂಡೆ.”

ಅಂದು ಮಗಳು ಬಾಗಿಲಿಗೆ ಹಾಕಿದ ರಂಗೋಲಿಯ ಎಳೆಗಳು ಅಲೆಅಲೆಯಾಗಿ ಬಂದಿದ್ದವು. ಹಬ್ಬ ಮುಗಿದ ಕೂಡಲೇ ಪರೀಕ್ಷೆ ಮಾಡಿಸಿದೆವು. ವೈದ್ಯೆ ಫಲಿತಾಂಶವನ್ನು ಎರಡು ಸಲ ಓದಿದರು.

“ಇಷ್ಟು ಚೆನ್ನಾಗಿ ಹತೋಟಿಗೆ ಬಂದಿದ್ದು ಹೀಗೇಕಾಯ್ತು? ಮಾತ್ರೆ ತಪ್ಪಿಸಿಲ್ಲ ತಾನೆ?”

“ಒಂದು ದಿನಾನೂ ಇಲ್ಲ ಮೇಡಂ. ನಮ್ಮ ದೊಡ್ಡಮ್ಮ ತಪ್ಪಿಸೋಕೆ ಬಿಟ್ರೆ ತಾನೆ!”

ಸ್ಕ್ಯಾನಿನಲ್ಲಿ ಮಗು ಚೆನ್ನಾಗಿ ಬೆಳೆದಿತ್ತು, ಆದರೆ ಅದರ ಎದೆಬಡಿತ ಇರಬೇಕಾದ್ದಕ್ಕಿಂತ ತುಸು ಚುರುಕಾಗಿತ್ತು. ಒಂದು ವಾರ ನೋಡೋಣ, ಮತ್ತೆ ಪರೀಕ್ಷಿಸೋಣ ಎಂದರು. ಆಗಲೂ ಹೀಗೆಯೇ ಇದ್ದರೆ ಮಾತ್ರೆಯ ಪ್ರಮಾಣ ಏರಿಸಬೇಕು. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮಾತ್ರೆ ಏರಿಸುವುದು ಮಗುವಿಗೆ ಒಳ್ಳೆಯದಲ್ಲವೆಂದು ಅವರೇ ಮೊದಲು ಹೇಳಿದ್ದರು. ಆಟೋದಲ್ಲಿ ಹಿಂದಿರುಗುವಾಗ ಮಗಳು ನನ್ನ ಕಡೆ ತಿರುಗಿದಳು.

“ಅಮ್ಮ, ಮಗೂಗೆ ಏನಾದ್ರೂ ಆಗಿಬಿಡುತ್ತಾ?”

“ಇಲ್ಲ” ಎಂದೆ. ಆಧಾರವಿಲ್ಲದೆ ನಾನು ಜೀವನದಲ್ಲಿ ಆಡಿದ ಕೆಲವೇ ಮಾತುಗಳಲ್ಲಿ ಅದು ಒಂದು.

ಮನೆಗೆ ಬಂದು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹಿಡಿದು ಕುಳಿತೆ. ತೇದಿಯಿಲ್ಲದ ಶಾಸನ ಸಿಕ್ಕಾಗ ನಾವು ಎರಡು ಎಲ್ಲೆಗಳನ್ನು ಹುಡುಕುತ್ತೇವೆ: ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ. ನಡುವೆ ಉಳಿಯುವ ಕಾಲ ಎಷ್ಟು ಕಿರಿದಾದರೆ ನಿರ್ಣಯ ಅಷ್ಟು ಗಟ್ಟಿ. ಆಯುಧಪೂಜೆಯ ದಿನ ಕೈ ನಿಶ್ಚಲವಾಗಿತ್ತು. ಅದು ಒಂದು ಎಲ್ಲೆ. ನರಕ ಚತುರ್ದಶಿಗೆ ನಾಲ್ಕು ದಿನ ಮೊದಲೇ ಎದೆಬಡಿತ ಶುರುವಾಗಿತ್ತು, ಅದು ಇನ್ನೊಂದು. ಈ ನಡುವೆ ಏನು ಬದಲಾಯಿತು? ಊಟ ಅದೇ, ಮನೆ ಅದೇ, ಮಾತ್ರೆ ಕೊಡುವ ಕೈಯೂ ಅದೇ. ಮಾತ್ರೆ?

ಭಾನುವಾರ ಅಳಿಯ ಬಂದು ಹವಾಮಾನ ವಿಚಾರಿಸುವ ಮೊದಲೇ ನಾನು ಕೇಳಿದೆ: “ಮಾತ್ರೆ ಕೊನೇ ಸಲ ತಂದಿದ್ದು ಯಾವಾಗ ನೀವು?”

“ಗೌರಿ ಹಬ್ಬದ ಹಿಂದಿನ ದಿನ ಅತ್ತೆ. ವಿಜಯದಶಮಿವರೆಗೆ ಬರುತ್ತೆ ಅಂತ ಅಂಗಡಿಯವನು ಹೇಳ್ದ. ಆಮೇಲೆ ಇಲ್ಲೇ ತಗೋತಿದ್ದೀರಲ್ವಾ?”

“ನಾನು ತಂದಿಲ್ಲ. ನೀವು ತರ್ತಿದ್ದೀರಿ ಅಂತ ಸುಮ್ಮನಿದ್ದೆ.”

ಎಂದೋ ಮುಗಿದಿರಬೇಕಾದ ಮಾತ್ರೆಯನ್ನು ಮಗಳು ಅಂದು ಬೆಳಗ್ಗೆಯೂ ನುಂಗಿದ್ದಳು. ನಾನು ಕಪಾಟಿನಿಂದ ಡಬ್ಬಿ ತಂದು ಮುಚ್ಚಳ ತೆಗೆದೆ. ಕಂಠಮಟ್ಟ ತುಂಬಿತ್ತು.

ಮಗಳು ಮಾತ್ರೆಗಳನ್ನು ಪೇಪರಿನ ಮೇಲೆ ಸುರಿದು ಬೆರಳಿನಿಂದ ಸರಿಸತೊಡಗಿದಳು. ಕೈ ನಡುಗುತ್ತಿದ್ದರೂ ಅವಳ ಕಣ್ಣು ವೃತ್ತಿಯ ಕಣ್ಣು. ಎಲ್ಲವೂ ಸಣ್ಣವು, ದುಂಡನೆಯವು, ಬಿಳಿಯವು.

“ಇದರಲ್ಲಿ ಎರಡು ಥರ ಮಾಲಿದೆ ಅಮ್ಮ. ಇವು ನಾಲ್ಕೈದು ದಪ್ಪ ಇವೆ, ತಳದಲ್ಲಿದ್ವು. ಮಿಕ್ಕಿದ್ದೆಲ್ಲ ತೆಳು.”

“ದಿನಾ ನುಂಗ್ತೀಯ, ನಿಂಗೆ ಗೊತ್ತಾಗ್ಲಿಲ್ವಾ?” ಎಂದರು ಅಳಿಯ.

“ದೊಡ್ಡಮ್ಮ ಕೈಗೆ ಹಾಕ್ತಾರೆ, ನಾನು ಬಾಯಿಗೆ ಹಾಕ್ಕೋತೀನಿ. ಮಾತ್ರೇನ ಇನ್‌ಸ್ಪೆಕ್ಷನ್ ಮಾಡ್ತಾ ಕೂರ್ಲಾ ರೀ?”

ಅಷ್ಟರಲ್ಲಿ ಅಕ್ಕ ಒಂದು ತಟ್ಟೆ ಒಬ್ಬಟ್ಟು ಹಿಡಿದು ಮೇಲೆ ಬಂದಳು. ಪೇಪರಿನ ಮೇಲೆ ಹರಡಿದ ಮಾತ್ರೆಗಳನ್ನು ಕಂಡು ಗಾಬರಿಯಾದದ್ದು ಬೇರೆ ಕಾರಣಕ್ಕೆ: “ಯಾಕ್ರವ್ವ ಡಬ್ಬಿ ಬರಿದು ಮಾಡಿದ್ದೀರಾ?”

“ಅಕ್ಕಾ, ಇದಕ್ಕೆ ಮಾತ್ರೆ ತುಂಬಿದ್ದು ಯಾರು?”

“ನಾನೇ. ಇನ್ಯಾರು? ದಸರಾ ಅಬ್ಬ ಆದ್ಮೇಲೆ ನೋಡ್ತೀನಿ, ತಳ ಕಾಣ್ತಾ ಐತೆ. ಬಸ್ರಿ ಎಂಗ್ಸಿರೋ ಮನೇಲಿ ಯಾವ ಡಬ್ಬೀನೂ ತಳ ಕಾಣ್ಬಾರ್ದು ಅಂತ ಅವ್ವ ಏಳ್ತಿರ್ಲಿಲ್ವಾ? ಅದ್ಕೇ ಮಂಗ್ಳವಾರ ಶುಕ್ರವಾರ ನೋಡ್ಕಂಡು ನೋಡ್ಕಂಡು ತುಂಬ್ತಿದ್ದೆ.”

ನಮ್ಮ ತಾಯಿ ಹೇಳುತ್ತಿದ್ದುದು ನಿಜ. ನಮ್ಮ ಮನೆಯಲ್ಲಿ ಅಕ್ಕಿಯ ಡ್ರಮ್ಮು, ಉಪ್ಪಿನ ಜಾಡಿ, ಕುಂಕುಮದ ಭರಣಿ ಎಂದೂ ‘ಖಾಲಿ’ ಆದದ್ದಿಲ್ಲ. ಆ ಶಬ್ದವನ್ನೇ ಆಡುವಂತಿಲ್ಲ. ಮುಗಿದದ್ದನ್ನೂ ‘ತುಂಬಿದೆ’ ಎನ್ನಬೇಕು. ಬಸುರಿ ಮನೆಯಲ್ಲಿರುವಾಗಲಂತೂ ಬರಿದಾದ ಪಾತ್ರೆ ಅವಳ ಕಣ್ಣಿಗೆ ಬೀಳಕೂಡದು. ಈ ನೇಮವನ್ನು ಔಷಧಿಯ ಡಬ್ಬಿಗೂ ವಿಸ್ತರಿಸಿದ ಕೀರ್ತಿ ಮಾತ್ರ ಅಕ್ಕನದು.

“ಯಾವ ಮಾತ್ರೆ ತುಂಬಿದ್ದೀಯ ಅಕ್ಕಾ?”

“ನಂದೇ ಕಣೇ, ಥೈರಾಯ್ಡ್ ಮಾತ್ರೆ. ಒಸಾ ಸೀಸೆ. ನಾನೇನ್ ಬ್ಯಾರೆ ಯಾವ್ದಾದ್ರೂ ಆಕಿದ್ನಾ?”

ನಾನೇ ಹೇಳಬೇಕಾಯಿತು: ಅವಳ ಮಾತ್ರೆ ಇರುವುದು ಮಂದವಾದ ಉರಿಯನ್ನು ಏರಿಸಲು, ಮಗಳ ಮಾತ್ರೆ ಏರಿದ ಉರಿಯನ್ನು ಇಳಿಸಲು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕೊಟ್ಟಂತಾಗಿತ್ತು. ಅಕ್ಕ ಕೇಳುತ್ತ ಕೇಳುತ್ತ ತಟ್ಟೆಯನ್ನು ನೆಲಕ್ಕಿಟ್ಟಳು.

“ನಾನ್ ಮಗೀಗೆ ಇಸ ಆಕ್ದೆನಾ?”

“ಇಲ್ಲ ದೊಡ್ಡಮ್ಮ, ಇಲ್ಲ” ಎಂದು ಮಗಳು ಹೇಳುತ್ತಿದ್ದಂತೆಯೇ ಅಕ್ಕ ಸೆರಗು ಬಾಯಿಗೊತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ವೈದ್ಯೆಗೆ ಫೋನ್ ಮಾಡಿದೆವು. ಡಬ್ಬಿಯದನ್ನು ಮುಟ್ಟದೆ, ಅಂದೇ ಹೊಸ ಮಾತ್ರೆ ತಂದು ಶುರುಮಾಡಲು ಹೇಳಿದರು. ಮರುದಿನ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಕೇಳಿದರು. ತುಂಬುವ ನೇಮದ ಭಾಗ ಬಂದಾಗ ಲೇಖನಿ ಕೆಳಗಿಟ್ಟರು.

“ಒಲೆ ಆರಿಸೋಕೆ ನಾನು ನೀರು ಕೊಟ್ಟಿದ್ದೆ. ನೀವು ನೀರು ನಿಲ್ಲಿಸಿ ಸೀಮೆಎಣ್ಣೆ ಸುರೀತಿದ್ರಿ. ಉರಿ ಏರದೆ ಇನ್ನೇನಾಗುತ್ತೆ?” ಗದರಿಕೆಯ ದನಿಯಲ್ಲಿಯೇ ಆರಂಭಿಸಿದರೂ ಕೊನೆಯಲ್ಲಿ ನಕ್ಕುಬಿಟ್ಟರು. ಆ ನಗುವಿನಲ್ಲಿ ಬಿಡುಗಡೆಯೂ ಇತ್ತು. ಔಷಧ ಸೋತಿಲ್ಲವೆಂದು ತಿಳಿದ ಮೇಲೆ ಪ್ರಮಾಣ ಏರಿಸುವ ಅಗತ್ಯವಿರಲಿಲ್ಲ. ಶಸ್ತ್ರಚಿಕಿತ್ಸೆಯ ಮಾತೂ ಸದ್ಯಕ್ಕೆ ಬದಿಗೆ ಸರಿಯಿತು. “ಇದು ಗೊತ್ತಾಗದೆ ಡೋಸ್ ಜಾಸ್ತಿ ಮಾಡಿದ್ರೆ, ಆಮೇಲೆ ಸರಿಯಾದ ಮಾತ್ರೆ ಹೊಟ್ಟೆ ಸೇರಿದ ದಿನ ಮಗುಗೆ ಕಷ್ಟ ಆಗ್ತಿತ್ತು. ಇನ್ಮೇಲೆ ಮಾತ್ರೆ ಅದರ ಹೆಸರಿರೋ ಸ್ಟ್ರಿಪ್‌ನಲ್ಲೇ ಇರ್ಲಿ. ಒಬ್ಬರದು ಇನ್ನೊಬ್ಬರಿಗೆ ಬೇಡ.”

“ಮಗು ಸರಿಹೋಗುತ್ತಾ ಮೇಡಂ?” ಎಂದಳು ಮಗಳು.

“ಸರಿಹೋಗ್ಬೇಕು. ಎದೆಬಡಿತ ವಾರವಾರ ನೋಡೋಣ. ಹುಟ್ಟಿದ ಮೇಲೆ ಮಗುವಿನ ರಕ್ತಾನೂ ಒಂದು ಸಲ ನೋಡ್ಲೇಬೇಕು. ನಿಮ್ಮ ಗ್ರಂಥೀನ ಕೆಣಕ್ತಿರೋದು ಮಗುವಿನದನ್ನೂ ಕೆಣಕಬಹುದು. ಆ ರಿಪೋರ್ಟ್ ಬಂದ ಮೇಲೆ ನಾನು ಪೂರ್ತಿ ನಿಶ್ಚಿಂತೆ.”

ಅಕ್ಕ ಮೇಲೆ ಬರುವುದನ್ನು ಬಿಟ್ಟಳು. ಊಟ ಭಾವನವರ ಕೈಯಲ್ಲಿ ಬರುತ್ತಿತ್ತು, ಮುದ್ದೆ ಗಂಟುಗಂಟಾಗಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಎಂಬುದರಲ್ಲಿ ಸಾಕ್ಷಿಗಳ ಭಿನ್ನಾಭಿಪ್ರಾಯವಿದೆ, ಅಂತೂ ಮಗಳು ತಾನೇ ಕೆಳಗಿಳಿದು ಹೋದಳು. ನಾನು ಹಿಂದೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ತಲೆಯೆತ್ತಲಿಲ್ಲ.

“ದೊಡ್ಡಮ್ಮ, ಮಾತ್ರೆ ಕೊಡ್ಬೇಡ ಅಂದ್ರು ಡಾಕ್ಟ್ರು. ಮುದ್ದೆ ಕೊಡ್ಬೇಡ ಅಂದ್ರಾ?”

ಅಕ್ಕ ಇನ್ನೊಂದು ಕಟ್ಟು ಸೊಪ್ಪು ಮುಂದಕ್ಕೆ ಎಳೆದುಕೊಂಡಳು.

“ದೊಡ್ಡಪ್ಪ ತರೋ ಮುದ್ದೇಲಿ ಗೋಲಿ ಆಡ್ಬೋದು. ನಂಗೆ ಹಸಿವು.”

“ಬಯ್ಯೇ ನನ್ನ. ಬಾಯ್ತುಂಬ ಬಯ್ದುಬಿಡು. ನೀನ್ ಇಂಗೆ ನಗಾಡಿದ್ರೆ ನಂಗೆ ತಡಿಯಕಾಗಲ್ಲ.”

“ಈಗ ಬೈದ್ರೆ ನೀನು ಥೈರಾಯ್ಡ್ ಬೈತು ಅಂತೀಯ. ಗ್ರಂಥಿ ತಣ್ಣಗಾಗ್ಲಿ, ಆಮೇಲೆ ಸ್ವಂತ ಬುದ್ಧಿಯಿಂದ, ಚೆನ್ನಾಗಿ ಯೋಚ್ನೆ ಮಾಡಿ ಬೈತೀನಿ. ಈಗ ತಟ್ಟೆ ಹಾಕು.”

ಅಕ್ಕನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಸೊಪ್ಪು ಅರ್ಧಕ್ಕೆ ಬಿಟ್ಟು ಎದ್ದು ಒಲೆ ಹಚ್ಚಿದಳು.

ಕಾರ್ತಿಕದ ಪರೀಕ್ಷೆಯಲ್ಲಿ ಅಂಕೆಗಳು ಇಳಿಯತೊಡಗಿದವು. ಮಗುವಿನ ಎದೆಬಡಿತ ಹದಕ್ಕೆ ಬಂತು. ಏಳನೆಯ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರ ಮಾಡಿದೆವು. ಮದುವೆಯ ಅಳತೆಗೆ ಕೊಂಡ ಹಸಿರು ಗಾಜಿನ ಬಳೆಗಳು ಮಗಳ ಕೈಗೆ ಹತ್ತಲಿಲ್ಲ, ದೊಡ್ಡವನ್ನು ತರಿಸಬೇಕಾಯಿತು. ಬಳೆ ಬಿಗಿಯಾಯಿತೆಂದು ಅಷ್ಟು ಸಂಭ್ರಮಪಟ್ಟ ಮನೆಯನ್ನು ಬಳೆಗಾರರು ಹಿಂದೆ ಕಂಡಿರಲಾರರು. ಎಲೆಅಡಿಕೆ ಹಂಚುವ ಹೊತ್ತಿನಲ್ಲಿ ಎದುರುಮನೆಯಾಕೆ ಅಕ್ಕನ ಕಿವಿಯ ಬಳಿ ಬಾಗಿ, ತನ್ನ ಥೈರಾಯ್ಡ್ ಮಾತ್ರೆ ಮುಗಿದಿದೆ, ನಾಲ್ಕು ಕೊಡಿ ಎಂದು ಕೇಳಿದಳು. ಅಕ್ಕನ ದನಿ ಪಡಸಾಲೆಯುದ್ದಕ್ಕೂ ಮೊಳಗಿತು:

“ಮೊದ್ಲು ಚೀಟಿ ತತ್ತಾ! ನಿಂದು ಉರಿಯೋ ಥೈರಾಯ್ಡೋ ಆರೋ ಥೈರಾಯ್ಡೋ? ಎಲ್ಲಾರೂ ಕೇಳ್ಕಳ್ಳಿ, ಎರಡ್ ಥರ ಐತೆ! ನಾಳೆಯಿಂದ ಮೊಸ್ರು ಬೇಕಾದ್ರೆ ಕೇಳ್ಕಂಡ್ ಬನ್ನಿ, ಮಾತ್ರೆ ಯಾರೂ ಕೇಳಂಗಿಲ್ಲ!”

“ಒಂದ್ ಸೀಸೆ ಮಾತ್ರೆಗೆ ಡಾಕ್ಟ್ರೇ ಆಗೋದ್ಲು ನಮ್ಮೋಳು” ಎಂದರು ಭಾವ. ಆದರೆ ಅಂದಿನಿಂದ ನಮ್ಮ ಬೀದಿಯಲ್ಲಿ ಆ ಪದ್ಧತಿ ನಿಂತದ್ದು ನಿಜ. ಈ ಮಾತಿಗೆ ಹಲವು ಸಾಕ್ಷಿಗಳಿವೆ.

ಕೊನೆಯ ತಿಂಗಳುಗಳಲ್ಲಿ ಉರಿ ತಾನಾಗಿಯೇ ತಗ್ಗಿತು, ವೈದ್ಯೆ ಮಾತ್ರೆಯನ್ನು ಇಳಿಸುತ್ತ ಬಂದರು. ಸಂಕ್ರಾಂತಿ ಕಳೆದು ಶಿವರಾತ್ರಿ ಇನ್ನೂ ಬಾರದ ದಿನಗಳಲ್ಲಿ ಮಗು ಹುಟ್ಟಿತು. ಹೆಣ್ಣು. ತೂಕ ಸರಿಯಾಗಿತ್ತು, ಕೂಗು ಅದಕ್ಕೂ ಮಿಗಿಲಾಗಿತ್ತು. ಹುಟ್ಟಿದ ಹೊತ್ತನ್ನು ನಾನು ಮೂರು ಗಡಿಯಾರಗಳಲ್ಲಿ ನೋಡಿದೆ. ಮೂರೂ ಹೊಂದಲಿಲ್ಲ, ಜೀವನದಲ್ಲಿ ಮೊದಲ ಬಾರಿಗೆ ಅದನ್ನು ಹಾಗೆಯೇ ಬಿಟ್ಟೆ.

ಉಳಿದದ್ದು ಒಂದೇ ಪರೀಕ್ಷೆ. ಕೆಲವು ದಿನ ಕಳೆದ ಮೇಲೆ ಮಗುವಿನ ರಕ್ತ ತೆಗೆದರು. ಅಷ್ಟು ದಿನವೂ ಅಕ್ಕ ಆಸ್ಪತ್ರೆಗೆ ಬರುತ್ತಿದ್ದಳು, ಬುತ್ತಿ ತರುತ್ತಿದ್ದಳು, ಬಟ್ಟೆ ಒಗೆದು ತರುತ್ತಿದ್ದಳು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟುತ್ತಿದ್ದಳು. “ಆ ರಕ್ತದ್ದು ಬರ್ಲಿ. ಆಮ್ಯಾಕೆ ನೋಡಣ.” ಬಂದವರು ಮಗು ಅಪ್ಪನಂತಿದೆ, ಅಜ್ಜಿಯಂತಿದೆ ಎಂದು ವಾದಿಸುವಾಗ ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ವರಾಂಡ ನೋಡುತ್ತಿದ್ದಳು.

ಮನೆಗೆ ಕಳುಹಿಸುವ ದಿನ ಬೆಳಗ್ಗೆ ವೈದ್ಯೆ ತಾವೇ ಬಂದರು. “ಮಗುವಿನ ಥೈರಾಯ್ಡ್ ಸರಿಯಾಗಿದೆ. ಎರಡು ವಾರ ಬಿಟ್ಟು ಒಂದು ಸಲ ಕರ್ಕೊಂಡು ಬನ್ನಿ, ಅಷ್ಟೇ. ಈಗ ಎಲ್ಲರೂ ಮನೆಗೆ ಹೋಗಿ.”

ಅಳಿಯ ಕಣ್ಣೊರೆಸಿಕೊಂಡರು. ಅಕ್ಕ ವೈದ್ಯೆಯನ್ನೇ ನೋಡುತ್ತ, “ಇನ್ನೊಂದ್ ಸಲ ಏಳಿ ಮೇಡಂ” ಎಂದಳು. ಅವರು ಮತ್ತೊಮ್ಮೆ ಹೇಳಿದರು. ಮಗಳು ಮಗುವನ್ನು ತಂದು ಅವಳ ಮಡಿಲಲ್ಲಿಟ್ಟಳು. ಈ ವಂಶದ ಎಷ್ಟೋ ಮಕ್ಕಳಿಗೆ ನೀರೆರೆದ ಅಕ್ಕ, ತಲೆಗೆ ಯಾವ ತೋಳು ಕೊಡಬೇಕೆಂದು ತೋಚದೆ ಒಂದು ಕ್ಷಣ ತಡಬಡಾಯಿಸಿದಳು. ಆಮೇಲೆ ಕೈಗಳೇ ನೆನಪಿಸಿಕೊಂಡವು.

ಟ್ಯಾಕ್ಸಿಯಲ್ಲಿ ಹಿಂದಿರುಗುವಾಗ ಮಾರತಹಳ್ಳಿಯ ಸೇತುವೆಯ ಬಳಿ ವಾಹನಗಳು ಅಲ್ಲಾಡದೆ ನಿಂತುಬಿಟ್ಟಿದ್ದವು. ಮಗು ಅಕ್ಕನ ಮಡಿಲಲ್ಲಿ ನಿದ್ದೆಹೋಗಿತ್ತು.

“ಕೈ ನೋವಾಗುತ್ತೆ ದೊಡ್ಡಮ್ಮ, ಇಲ್ಲಿ ಕೊಡು” ಎಂದಳು ಮಗಳು.

“ಸುಮ್ಕಿರೇ. ಮನೆ ಇನ್ನೂ ದೂರ ಐತೆ” ಎಂದಳು ಅಕ್ಕ, ಕಿಟಕಿಯ ಬಿಸಿಲಿಗೆ ಸೆರಗನ್ನು ಅಡ್ಡ ಹಿಡಿದು. ಮುಂದಿನ ಕಾರು ಕದಲಿತು. ನಮ್ಮ ಚಾಲಕ ಅವಸರಪಡಲಿಲ್ಲ.